ಗೂಟ ಬಡಿದು ಇಟ್ಟ ಜಗಳ

ನಮ್ಮ ಕಾಕಾ ಜೀವಮಾನದಲ್ಲಿ ಒಂದೇ ಒಂದು ಜಗಳವನ್ನೂ ಅರ್ಧಕ್ಕೆ ಬಿಟ್ಟವರಲ್ಲ. ಅರ್ಧಕ್ಕೆ ನಿಲ್ಲಿಸಿದ್ದುಂಟು, ಬಿಟ್ಟದ್ದಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ನಿಮಗೆ ತಿಳಿಯದಿದ್ದರೆ ನೀವು ಪುಣ್ಯವಂತರು. ನನಗೆ ತಿಳಿಯಲು ಆರು ವರ್ಷ ಹಿಡಿಯಿತು. ಆ ಆರು ವರ್ಷಗಳ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಆದ್ದರಿಂದ ಈ ಬರಹದಲ್ಲಿ ಎಲ್ಲಾದರೂ ನನ್ನ ದನಿ ಏರಿದರೆ ಕ್ಷಮಿಸಬೇಕು. ಅಥವಾ ಕ್ಷಮಿಸಬೇಡಿ, ನನಗೇನು!

ಲೋಕದಲ್ಲಿ ಎಲ್ಲರೂ ಜಗಳವಾಡುತ್ತಾರೆ. ನಡುವೆ ಹಾಲು ಉಕ್ಕುತ್ತದೆ, ನೆಂಟರು ಬರುತ್ತಾರೆ, ಜಗಳ ತಾನಾಗಿ ಕರಗುತ್ತದೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಹಿರಿಯರು ಸುಮ್ಮನೆ ಹೇಳಿದರೇ? ಆ ಹಿರಿಯರು ನಮ್ಮ ಕಾಕಾನನ್ನು ನೋಡಿರಲಿಲ್ಲ. ಕಾಕಾ ಉಣ್ಣುತ್ತಿದ್ದರು, ಮಲಗುತ್ತಿದ್ದರು, ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಹಿಂದಿನ ದಿನ ಯಾವ ಶಬ್ದದ ಮೇಲೆ ನಿಂತಿದ್ದರೋ ಅದರ ಮುಂದಿನ ಶಬ್ದದಿಂದ ಶುರು ಮಾಡುತ್ತಿದ್ದರು.

ಅವರು ನನ್ನ ಅಪ್ಪನ ತಮ್ಮ. ಪುಣೆಯ ಒಂದು ದೊಡ್ಡ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ, ಖಡಕಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮನೆಯಲ್ಲಿ ಕಾಕಿ. ಮಕ್ಕಳಿರಲಿಲ್ಲ. ೧೯೯೨ರಲ್ಲಿ ನಾನು ಬಿ.ಎಸ್ಸಿ. ಮುಗಿಸಿ, ಒಂದು ಟ್ರಂಕು ಹಿಡಿದುಕೊಂಡು ಕಲಬುರ್ಗಿಯಿಂದ ಅವರ ಮನೆಗೆ ಬಂದೆ. ಪುಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕಾಕಾ ನಿಂತಿದ್ದರು. ಹೇಗಿದ್ದೀ ಇಲ್ಲ, ಅಣ್ಣ ಹೇಗಿದ್ದಾನೆ ಇಲ್ಲ. ಮೊದಲ ಮಾತೇ ಇದು:

"ಬಂದ್ಯಾ ತಂಗಿ? ದೌಂಡದಾಗ ಚಹಾ ಕುಡದಿ?"

"ಇಲ್ಲ ಕಾಕಾ, ನಿದ್ದಿ ಹತ್ತಿತ್ತು" ಎಂದೆ.

ಅಷ್ಟೇ. ಆ ಮನುಷ್ಯನ ಮುಖ ಕೆಂಪಾಯಿತು. "ದೌಂಡದಾಗ ಗಾಡಿ ನಿಲ್ಲೂದು ಯಾತಕ್ಕ? ಚಹಾ ಕುಡೀಲಿ ಅಂತ ನಿಲ್ಲತದ. ಮಂದಿ ಸೊಲ್ಲಾಪುರದಾಗ ಮಲಗಿದ್ದು ಪುಣೆದಾಗ ಏಳ್ತಾರ. ನಡುವ ಎಲ್ಲಿ ಅದೀವಿ ಅಂತ ಒಮ್ಮೆರೆ ಕಣ್ಣು ತಗದು ನೋಡಬಾರದೇನು?" ಎಂದು ಟ್ರಂಕು ಎತ್ತಿಕೊಂಡು ಮುಂದೆ ನಡೆದರು. ಖಡಕಿ ಬರುವವರೆಗೂ ರಿಕ್ಷಾದಲ್ಲಿ ಆ ಚಹಾದ ಮೇಲೆಯೇ ಉಪದೇಶ. ಕಾಲಿಟ್ಟ ಮೊದಲ ದಿನ, ನಾನು ಕುಡಿಯದ ಚಹಾಕ್ಕೆ ಬೈಸಿಕೊಂಡೆ.

ನಿಂತಲ್ಲಿಂದಲೇ ಹಿಡಿಯುವ ಚಾಳಿ ಅವರಿಗೆ ಹುಟ್ಟುಗುಣವಲ್ಲ, ಕಾರ್ಖಾನೆಯಿಂದ ಅಂಟಿದ ರೋಗ ಎಂದು ಆಮೇಲೆ ಗೊತ್ತಾಯಿತು. ಕಾಕಾನೇ ನನ್ನನ್ನು ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯ ಕ್ಲಾಸಿಗೆ ಹಾಕಿ, ಪರೀಕ್ಷೆ ಬರೆಸಿ, ತಮ್ಮ ವಿಭಾಗದಲ್ಲೇ ಟ್ರೈನಿ ಮಾಡಿಸಿದ್ದರು. ಅಲ್ಲಿ ಗಾಜಿನ ಗೋಡೆಯ ಹಿಂದೆ, ಸ್ವೆಟರ್ ಹಾಕಿಕೊಂಡೇ ಹೋಗಬೇಕಾದ ತಂಪಿನಲ್ಲಿ, ನಾಲ್ಕು ಗೋದ್ರೆಜ್ ಕಪಾಟಿನಷ್ಟು ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರ್ ಕೂತಿತ್ತು. ಉಗ್ರಾಣದ ಬಿಡಿಭಾಗಗಳ ಲೆಕ್ಕ ಹಚ್ಚುವುದು ಅದರ ದೊಡ್ಡ ಕೆಲಸ. ಬೆಳಿಗ್ಗೆ ಏಳಕ್ಕೆ ಹಚ್ಚಿದರೆ ಒಂದೊಂದೇ ನಟ್ಟು, ಒಂದೊಂದೇ ಬೋಲ್ಟು ಓದುತ್ತಾ ಸಂಜೆ ನಾಲ್ಕಕ್ಕೆ ಮುಗಿಸುತ್ತಿತ್ತು. ಮೂರೂವರೆಗೆ ಕರೆಂಟ್ ಹೋದರೆ? ಎಲ್ಲ ಹೋಯಿತು. ಮತ್ತೆ ಮೊದಲನೆಯ ನಟ್ಟಿನಿಂದ ಶುರು. ಪುಣೆಯಲ್ಲಿ ಗುರುವಾರ ಕರೆಂಟ್ ಹೋಗುವುದು ಎಂದರೆ ಹುಣ್ಣಿಮೆಗೆ ಚಂದ್ರ ಬಂದಂತೆ, ಕಾಯಬೇಕಾಗಿಯೇ ಇರಲಿಲ್ಲ. ಜನರೇಟರ್ ಇತ್ತಲ್ಲ ಎಂದು ಕೇಳುತ್ತೀರಿ. ಇತ್ತು. ಅದೂ ಗುರುವಾರವೇ ಕೆಡುತ್ತಿತ್ತು.

ಇದಕ್ಕೆ ಮದ್ದು ಉಂಟು, ತರಿಸಿಕೊಡಿ ಎಂದು ಕಾಕಾ ಮೇಲಿನವರಿಗೆ ಮೂರು ಪತ್ರ ಬರೆದರಂತೆ. ಮೇಲಿನವರು ಮೂರಕ್ಕೂ ಉತ್ತರ ಕೊಡಲಿಲ್ಲ. ಆ ಸಿಟ್ಟಿಗೆ ಕಾಕಾ ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ತಾವೇ ಒಂದು ಪ್ರೋಗ್ರಾಂ ಬರೆದರು. ಸಾವಿರ ಲೆಕ್ಕ ಮುಗಿದಾಗಲೊಮ್ಮೆ ಅದು 'ನಾನು ಇಲ್ಲಿಗೆ ಬಂದಿದ್ದೇನೆ, ಈವರೆಗಿನ ಮೊತ್ತ ಇಷ್ಟು' ಎಂದು ಟೇಪಿನ ಮೇಲೆ ಬರೆದಿಡುತ್ತಿತ್ತು. ಕೆಲಸ ನಡುವೆ ಬಿದ್ದರೆ ಕೊನೆಗೆ ಬರೆದ ಆ ಜಾಗದಿಂದಲೇ ಮುಂದುವರಿಯುವುದು. ಪುಸ್ತಕಗಳಲ್ಲಿ ಇದಕ್ಕೆ ಚೆಕ್‌ಪಾಯಿಂಟ್ ಎನ್ನುತ್ತಾರೆ. ಕಾಕಾ ಗೂಟ ಎನ್ನುತ್ತಿದ್ದರು. ಇಡೀ ವಿಭಾಗದಲ್ಲಿ, ಮರಾಠಿ ಮಾತಾಡುವ ಆಪರೇಟರುಗಳ ಬಾಯಲ್ಲೂ ಅದು ಗೂಟವೇ ಆಯಿತು.

ಗೂಟಕ್ಕೆ ಒಂದು ಕಟ್ಟಳೆ ಇತ್ತು. ಕೊನೆಯ ಗೂಟ ಬಡಿದ ಮೇಲೆ, ಕೆಲಸ ಬೀಳುವುದರೊಳಗೆ, ಒಂದಿಷ್ಟು ಕಾಗದ ಅಚ್ಚಾಗಿ ಹೊರಗೆ ಬಂದಿರುತ್ತದಲ್ಲ? ಅದನ್ನು ಹರಿದು ಹಾಕಬೇಕು. ಮಷೀನು ಗೂಟದಿಂದ ಮತ್ತೆ ಶುರುವಾದಾಗ ಅಷ್ಟನ್ನು ಎರಡನೇ ಸಲ ಅಚ್ಚು ಮಾಡುತ್ತದೆ. ಹರಿಯದಿದ್ದರೆ ಎಲ್ಲ ಎರಡೆರಡು. "ಮೊದಲ ಹರಿ, ಆಮ್ಯಾಲ ಹಚ್ಚು" ಎಂದು ಕಾಕಾ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಕಾರ್ಖಾನೆಯಲ್ಲಿ ಗೂಟ ಬಡಿದರೆ ಯಾರಿಗೂ ತೊಂದರೆಯಿಲ್ಲ. ಮನೆಯಲ್ಲಿ ಬಡಿದರೆ? ಪೇಪರು ಓದುತ್ತಾ ಎದ್ದರೆ ನಿಂತ ಸಾಲಿಗೆ ಪೆನ್ಸಿಲ್ ಗೀಟು; ಅವರು ಮರಳಿ ಬರುವವರೆಗೆ ಯಾರೂ ಆ ಪೇಪರು ಮುಟ್ಟುವಂತಿಲ್ಲ. ನಾನು ಅಡ್ಡಬಂದು ಅರ್ಧಕ್ಕೆ ನಿಂತ ಕತೆಯನ್ನು ಮೂರು ದಿನದ ಮೇಲೆ "ಅದಕ್ಕ ಆ ಪೋಸ್ಟ್‌ಮ್ಯಾನ್ ಅಂದ" ಎಂದು ನಡುವಿನಿಂದ ಎತ್ತಿಕೊಳ್ಳುತ್ತಿದ್ದರು. ಯಾವ ಪೋಸ್ಟ್‌ಮ್ಯಾನ್ ಎಂದು ಕೇಳಿದರೆ ಮುಗಿಯಿತು. 'ಎಲ್ಲಿಗೆ ಬಂದಿದ್ದೆ ನಾನು?' ಎಂದು ಯಾರಾದರೂ ಮಾತಿನ ನಡುವೆ ಕೇಳಿದರಂತೂ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಮೊದಲಿಂದ ಸುರು ಮಾಡೂದು ಅಂದ್ರ ಸೋತವರ ಕೆಲಸ" ಎನ್ನುತ್ತಿದ್ದರು. ನಾನು ಅವರ ಮನೆಯಲ್ಲಿದ್ದ ಐದು ವರ್ಷಗಳಲ್ಲಿ ಅವರು ಯಾವುದನ್ನೂ ಮೊದಲಿನಿಂದ ಶುರು ಮಾಡಿದ್ದನ್ನು ನೋಡಲಿಲ್ಲ.

ಒಮ್ಮೆ ಕಾಕಿಯ ಹರಕೆಗೆ ಮನೆಯಲ್ಲಿ ವಿಷ್ಣು ಸಹಸ್ರನಾಮ. ಆಚಾರ್ರು ಅರ್ಧ ದಾಟಿದ್ದಾರೆ, ಅಷ್ಟರಲ್ಲಿ ಊದಿನಕಡ್ಡಿಯ ಹೊಗೆಗೆ ಕೆಮ್ಮು ಹತ್ತಿತು. ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಪಾಪ, ಮೊದಲನೆಯ ಹೆಸರಿನಿಂದ ಶುರು ಮಾಡಿದರು.

ಕಾಕಾ ಕೈ ಎತ್ತಿದರು. "ಆಚಾರ್ರ, ನಿಂತಲ್ಲಿಂದ ಹೇಳ್ರಿ."

"ಹಂಗ ಬರೂದಿಲ್ರಿ. ಬಾಯಿಪಾಠ ಅದ. ಮೊದಲಿಂದ ಹಿಡದ್ರ ಬರ್ತದ."

"ಅಂದ್ರ ನಿಮಗ ಗೂಟಾನ ಇಲ್ಲ?"

"ಏನಿಲ್ಲ?"

ಮುಂದಿನ ಸಲ ಕಾಕಾ ಸಹಸ್ರನಾಮದ ಪುಸ್ತಕ, ಪೆನ್ಸಿಲ್ ಹಿಡಿದು ಆಚಾರ್ರ ಪಕ್ಕದಲ್ಲೇ ಕೂತರು. ನೂರು ಹೆಸರಾದಾಗಲೊಮ್ಮೆ ಒಂದು ಗೀಟು. ಆಚಾರ್ರಿಗೆ ಆ ಗೀಟಿನ ಸಪ್ಪಳಕ್ಕೇ ಹೆಸರು ತಪ್ಪಿತು, ತಪ್ಪಿದ್ದಕ್ಕೆ ಅವರು ಮತ್ತೆ ಮೊದಲಿನಿಂದ ಹಿಡಿದರು. ದೇವರಿಗೆ ಆ ದಿನ ನೈವೇದ್ಯ ಮುಟ್ಟುವಾಗ ಮಧ್ಯಾಹ್ನ ಮೂರಾಗಿತ್ತು. ಆಚಾರ್ರು ಆಮೇಲೆ ನಮ್ಮ ಬೀದಿಗೇ ಬರುವುದನ್ನು ಬಿಟ್ಟರು.

ಇನ್ನು ಜಗಳ. ಅದಕ್ಕೆಂದೇ ಕೆಂಪು ರಟ್ಟಿನ ಒಂದು ಸಣ್ಣ ನೋಟ್‌ಬುಕ್ ಯಾವಾಗಲೂ ಅವರ ಅಂಗಿಯ ಜೇಬಿನಲ್ಲಿರುತ್ತಿತ್ತು. ಕಾಕಿಯ ಜೊತೆ ವಾದ ಏರಿರುವಾಗ ಬಾಗಿಲು ಬಡಿದರೆ, ಕಾಕಾ ಬೆರಳೆತ್ತಿ "ತಡಿ" ಎಂದು ಪುಸ್ತಕ ತೆಗೆದು ತಾರೀಖು, ವಿಷಯ, ನಿಂತ ಶಬ್ದ ಬರೆದು, ಆಮೇಲೆ ನಗುನಗುತ್ತಾ ಬಾಗಿಲು ತೆಗೆಯುತ್ತಿದ್ದರು. ಬಂದವರಿಗೆ ಚಹಾ, ಅವಲಕ್ಕಿ, ಹಾಸ್ಯ. ಅವರು ಮೆಟ್ಟಿಲಿಳಿದ ಕೂಡಲೇ ಪುಸ್ತಕ ತೆರೆದು ಓದುವುದು: "ನಿಂತ ಜಾಗ: 'ನಿಮ್ಮ ಅಣ್ಣಾ'. ಹಾಂ. ನಿಮ್ಮ ಅಣ್ಣಾ ಮದವ್ಯಾಗ ನನಗ ಕುರ್ಚಿ ಯಾಕ ಹಾಕಲಿಲ್ಲ?"

ಕಾಕಿ ಅಷ್ಟರಲ್ಲಿ ಅಣ್ಣನನ್ನೂ ಕುರ್ಚಿಯನ್ನೂ ಮರೆತು ಪಾತ್ರೆ ತೊಳೆಯುತ್ತಿರುತ್ತಿದ್ದಳು. "ಪಾಳಿ ಯಾರದು?" ಎಂದು ಕೇಳುವಳು. "ನಿಂದು" ಎನ್ನುವರು ಕಾಕಾ. "ನನ್ನ ಪಾಳೀನೂ ನೀವ ಆಡ್ರಿ, ನನಗ ಕೆಲಸ ಅದ" ಎನ್ನುವಳು ಕಾಕಿ. ನನಗೆ ನಗು. ಆ ಪುಸ್ತಕದಲ್ಲಿ ಒಂದು ದಿನ ನನ್ನ ಹೆಸರೂ ಬಂದು ಕೂರುತ್ತದೆ ಎಂದು ಗೊತ್ತಿದ್ದರೆ ನಗುತ್ತಿದ್ದೆನೇ?

೧೯೯೭ರ ಖಂಡೇನವಮಿ. ಕಾರ್ಖಾನೆಯಲ್ಲಿ ಆಯುಧಪೂಜೆಗೆ ಪ್ರತಿಯೊಬ್ಬ ಕೆಲಸಗಾರನಿಗೂ ಒಂದು ಮಿಠಾಯಿ ಡಬ್ಬಿ. ಡಬ್ಬಿಗೆ ಕೂಪನ್. ಕೂಪನ್ ಅಚ್ಚು ಮಾಡುವುದು ನಮ್ಮ ಮೇನ್‌ಫ್ರೇಮ್, ಕೆಲಸಗಾರರ ನಂಬರಿನ ಸಾಲಿನಲ್ಲಿ, ಹಳಬರಿಂದ ಹೊಸಬರವರೆಗೆ. ಆ ಕೆಲಸ ಆ ವರ್ಷ ನನ್ನದು. ಇನ್ನು ಹದಿನೈದು ದಿನದಲ್ಲಿ ನನ್ನ ಪ್ರೋಗ್ರಾಮರ್ ಹುದ್ದೆ ಕಾಯಂ ಆಗುವುದರಲ್ಲಿತ್ತು. ಅಚ್ಚಿನ ದಿನ ಗುರುವಾರ. ಬೇರೆ ಯಾವ ದಿನ ಇರಲು ಸಾಧ್ಯ?

ನಡುವೆ ಕರೆಂಟ್ ಹೋಯಿತು. ಬಂತು. ನಾನು ಬಹಳ ಜಾಣತನದಿಂದ ಗೂಟದಿಂದ ಕೆಲಸ ಹಚ್ಚಿದೆ. ಸರಸರನೆ ಕೂಪನ್ ಬಂದವು. ಎಲ್ಲವನ್ನೂ ಸೇರಿಸಿ, ಕಟ್ಟು ಕಟ್ಟಿ, ಕಳಿಸಿಬಿಟ್ಟೆ. ಹರಿಯುವುದನ್ನು ಮರೆತಿದ್ದೆ.

ಎಂಟುನೂರರ ಹತ್ತಿರ ಜನರಿಗೆ ಎರಡೆರಡು ಕೂಪನ್ ಹೋದವು. ಅವರಲ್ಲಿ ಒಬ್ಬನಾದರೂ 'ಸಾಹೇಬರೇ, ಒಂದು ಹೆಚ್ಚಿಗೆ ಬಂದಿದೆ' ಎಂದನೇ? ಎರಡೂ ಕೈಯಲ್ಲಿ ಡಬ್ಬಿ ಹಿಡಿದು, ದೇವಿ ದೊಡ್ಡವಳು ಎಂದು ಮನೆಗೆ ಹೋದರು. ಡಬ್ಬಿ ತರಿಸಿದ್ದು ತಲೆಗೊಂದರಂತೆ ಎಣಿಸಿ. ಸಾಲಿನ ಕೊನೆಯವರು ಬರುವಷ್ಟರಲ್ಲಿ ಮೇಜು ಖಾಲಿ. ಕೊನೆಯ ನಂಬರಿನವರೆಂದರೆ ಆ ವರ್ಷ ಹೊಸದಾಗಿ ಸೇರಿದವರು, ಅವರಲ್ಲಿ ಎಷ್ಟೋ ಜನ ನಮ್ಮ ಕಡೆಯವರು, ಯಾದಗಿರಿ, ಸೇಡಂ, ಶಹಾಪುರದವರು. ಒಬ್ಬ ಕೂಪನ್ ಹಿಡಿದು ನನ್ನ ಮುಂದೆ ಬಂದು ನಿಂತ. "ಅಕ್ಕಾರ, ಮನ್ಯಾಗ ತರ್ತೀನಿ ಅಂತ ಹೇಳಿ ಬಂದೀನ್ರಿ" ಎಂದ. ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ.

ನಮ್ಮ ಮ್ಯಾನೇಜರ್ ಒಳ್ಳೆಯವರು. ಎಲ್ಲರ ಮುಂದೆ ಮರಾಠಿಯಲ್ಲಿ, ಕರೆಂಟ್ ಹೋದದ್ದರಿಂದ ಹೀಗಾಯಿತು ಎಂದು ಬರೆದು ಮುಗಿಸೋಣ ಎಂದರು. ಸುತ್ತ ನಿಂತ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಒಂದೇ ಒಂದು ತಲೆ ಆಡಲಿಲ್ಲ. "ಕರೆಂಟಿನ ತಪ್ಪಲ್ಲ ಸಾಹೇಬ, ಈ ಹುಡುಗಿಯ ತಪ್ಪು. ಹರಿಯಬೇಕಾದದ್ದನ್ನು ಹರಿಯದೆ ಹಚ್ಚಿದ್ದಾಳೆ. ಕೆಲಸ ಕಲಿಸಿದವನು ನಾನು, ನನ್ನ ಹೆಸರನ್ನೂ ಬರೆಯಿರಿ" ಎಂದು ಅಷ್ಟೇ ಸ್ಪಷ್ಟ ಮರಾಠಿಯಲ್ಲಿ ಹೇಳಿದರು, ನನ್ನ ಸ್ವಂತ ಕಾಕಾ!

ಅವರ ಹೆಸರಿಗೆ ಏನೂ ಆಗಲಿಲ್ಲ. ನನ್ನ ಹುದ್ದೆ ಹೋಯಿತು. ಒಂದು ವರ್ಷ ಡೇಟಾ ಎಂಟ್ರಿಗೆ ಹಾಕಿದರು, ದಿನವಿಡೀ ನಟ್ಟು ಬೋಲ್ಟುಗಳ ನಂಬರು ಕುಟ್ಟುವುದು. ನೀವೇ ಹೇಳಿ, ಸಿಟ್ಟು ಬರಬಾರದೇ? ಬಂದದ್ದು ತಪ್ಪೇ?

ಆ ಸಂಜೆ ಖಡಕಿಯ ಮನೆಯಲ್ಲಿ ನಾನು ಐದು ವರ್ಷದ ಉಪ್ಪಿನ ಋಣವನ್ನೂ ಮರೆತು ಕೂಗಿದೆ. "ನಿಮಗ ಮನಷ್ಯಾರ ಬ್ಯಾಡ ಕಾಕಾ, ಮಷೀನ ಸಾಕು. ನಿಮಗ ಮಕ್ಕಳಿದ್ದಿದ್ರ ಗೊತ್ತಾಗ್ತಿತ್ತು." ಹೇಳಬಾರದ ಮಾತು. ಬಾಯಿಂದ ಬಿದ್ದ ಕೂಡಲೇ ಗೊತ್ತಾಯಿತು. ಒಲೆಯ ಮುಂದೆ ಕಾಕಿಯ ಲಟ್ಟಣಿಗೆ ನಿಂತಿತು.

ಕಾಕಾ ನನ್ನ ಕಡೆ ತಿರುಗಿ, "ನೀ ನನಗ" ಎಂದರು.

ಬಾಗಿಲು ಬಡಿಯಿತು. ಗ್ಯಾಸ್ ಸಿಲಿಂಡರಿನವನು.

ಕಾಕಾ ಜೇಬಿಗೆ ಕೈ ಹಾಕಿದರು. ಪುಸ್ತಕ ತೆಗೆದರು. ಪೆನ್ಸಿಲಿನ ಮೊನೆ ಮುರಿದಿತ್ತು, ಕಿಟಕಿಯ ಹತ್ತಿರ ಹೋಗಿ ಬ್ಲೇಡಿನಿಂದ ಕೆತ್ತತೊಡಗಿದರು. ನಾನು ನಡುಮನೆಯಲ್ಲಿ ನಿಂತು ಅಳುತ್ತಿದ್ದೇನೆ, ಆ ಮನುಷ್ಯ ಪೆನ್ಸಿಲು ಚೂಪು ಮಾಡುತ್ತಿದ್ದಾರೆ! ಬಟ್ಟೆಯನ್ನು ಬ್ಯಾಗಿಗೆ ತುರುಕಿಕೊಂಡು, ಸಿಲಿಂಡರಿನವನನ್ನು ದಾಟಿಕೊಂಡು, ಪುಣೆಯದೇ ಇನ್ನೊಂದು ತುದಿಯ ಕೋಥರೂಡದಲ್ಲಿದ್ದ ಗೆಳತಿಯ ಕೋಣೆಗೆ ಹೋದೆ. ಟ್ರಂಕು ಅಲ್ಲೇ ಉಳಿಯಿತು.

ಆರು ವರ್ಷ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಡೇಟಾ ಎಂಟ್ರಿಯ ವರ್ಷ ಮುಗಿಸಿ ಬೇರೆ ಕಂಪನಿ ಸೇರಿದೆ, ಪ್ರೋಗ್ರಾಮರ್ ಆದೆ. ಅಲ್ಲಿ ಕೆಲಸ ಬಿದ್ದಾಗಲೆಲ್ಲ ಮಿಕ್ಕವರು ಮಷೀನಿನ ಕಡೆ ಓಡುತ್ತಿದ್ದರು, ನಾನು ಮೊದಲು ಪ್ರಿಂಟರಿನ ಕಡೆ ಓಡಿ ಕಾಗದ ಹರಿಯುತ್ತಿದ್ದೆ. ಯಾರಿಂದ ಕಲಿತದ್ದು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಿಟ್ಟು ಸಿಟ್ಟೇ.

ನಡುವೆ ನನ್ನ ಮದುವೆಯಾಯಿತು. ಕಾಕಾ ಬಂದರು, ಅಕ್ಷತೆ ಹಾಕಿದರು, ಒಂದು ಮಾತೂ ಆಡಲಿಲ್ಲ. ಅವರ ಕಟ್ಟಳೆ ನನಗೆ ಗೊತ್ತಿತ್ತು. ನನ್ನೊಡನೆ ಅವರ ಮುಂದಿನ ಮಾತು 'ನೀ ನನಗ' ಎಂದೇ ಶುರುವಾಗಬೇಕು. ಹಾಗೆ ಶುರುವಾಗುವ ಮಾತನ್ನು ಮದುವೆಮನೆಯಲ್ಲಿ ಆಡುವುದು ಹೇಗೆ? ಊಟದ ಸಾಲಿನಲ್ಲಿ ಅವರ ಜೇಬಿನಿಂದ ಕೆಂಪು ರಟ್ಟಿನ ತುದಿ ಕಾಣುತ್ತಿತ್ತು. ಎಲ್ಲಿ ಎದ್ದು ಬಂದು ಶುರು ಮಾಡುತ್ತಾರೋ ಎಂದು ಹೋಳಿಗೆ ಬಿಟ್ಟು ಆ ಜೇಬನ್ನೇ ಕಾಯುತ್ತಾ ಕೂತೆ. ಮದುಮಗಳು ನಾನು, ಓಡಿಹೋಗುವುದಾದರೂ ಎಲ್ಲಿಗೆ?

೨೦೦೩ರಲ್ಲಿ ಕಾಕಾ ನಿವೃತ್ತರಾದರು. ಅದೇ ತಿಂಗಳು ಮೇನ್‌ಫ್ರೇಮನ್ನೂ ಗುಜರಿಯವರು ಟೆಂಪೋದಲ್ಲಿ ಹೇರಿಕೊಂಡು ಹೋದರಂತೆ. ಸುಮ್ಮನೆ ಮನೆಯಲ್ಲಿ ಕೂರುವ ಪೈಕಿಯೇ ಅವರು? ಪುಸ್ತಕ ತೆರೆದರು. ನಿಂತ ಜಗಳಗಳನ್ನೆಲ್ಲ ಹಳೆಯದರಿಂದ ಹಿಡಿದು ಒಂದೊಂದಾಗಿ ಮುಗಿಸಲು ಹೊರಟರು. ಈ ಸುದ್ದಿಯನ್ನೆಲ್ಲ ಕಾಕಿ ನನಗೆ ಫೋನಿನಲ್ಲಿ ಮುಟ್ಟಿಸುತ್ತಿದ್ದಳು. ಅವಳಿಗೂ ನನಗೂ ಯಾವ ಗೂಟವೂ ಇರಲಿಲ್ಲ.

ಮೊದಲು ಮಾರ್ಕೆಟ್ ಯಾರ್ಡಿನ ಆಲೂಗಡ್ಡೆ ವ್ಯಾಪಾರಿ, ನಮ್ಮ ಬಾಗಲಕೋಟೆ ಕಡೆಯ ಶೆಟ್ಟರು. ಹನ್ನೆರಡು ವರ್ಷದ ಹಿಂದೆ ಒಂದು ಚೀಲದಲ್ಲಿ ಕೊಳೆತ ಆಲೂಗಡ್ಡೆ ಬಂದಿದ್ದವು, ವಾದದ ನಡುವೆ ಒಂದು ಲಾರಿ ಹಿಂದಕ್ಕೆ ಬಂದು ಇಬ್ಬರನ್ನೂ ಚದುರಿಸಿತ್ತು. ಕಾಕಾ ಎರಡು ಬಸ್ಸು ಬದಲಾಯಿಸಿ ಹೋಗಿ, ಗದ್ದಿಗೆಯ ಮುಂದೆ ನಿಂತು ಓದಿದರು: "'ಆಲೂಗಡ್ಡಿ ಕೆಟ್ಟಿದ್ದು ನಿಮ್ಮ ಮನ್ಯಾಗ' ಅಂತ ನೀವು ಅಂದಿದ್ರಿ. ಇಲ್ಲಿಗೆ ನಿಂತದ. ಈಗ ನನ್ನ ಪಾಳಿ."

ಶೆಟ್ಟರು ಕನ್ನಡಕ ತೆಗೆದು ನೋಡಿದರಂತೆ. "ಹಂಗಂದಿದ್ನೇನ್ರಿ? ತಪ್ಪು ನಂದ ಇರಬೇಕು, ಬಿಡ್ರಿ. ಕೂಡ್ರಿ, ಚಹಾ ತರಸ್ತೀನಿ."

ಹನ್ನೆರಡು ವರ್ಷ ಕೆಡದಂತೆ ಕಾಪಾಡಿಕೊಂಡು ಬಂದ ಜಗಳ ಅರ್ಧ ನಿಮಿಷದಲ್ಲಿ ಮುಗಿದುಹೋಯಿತು. ಕಾಕಾ ಮನೆಗೆ ಬಂದು ಚಪ್ಪಲಿ ಎಸೆದು, "ಈ ಊರಾಗ ಜಗಳಾಡೂ ಮಂದೀನ ಉಳದಿಲ್ಲ" ಎಂದು ಕಾಕಿಯ ಮೇಲೆ ಹೊಸ ಜಗಳ ತೆಗೆದರು.

ಹೀಗೆ ಒಂದೊಂದಾಗಿ ಮುಗಿಯುತ್ತಾ ಬಂದವು. ಒಂದು ದಿನ ಕಾಕಿಯ ಫೋನು. "ಇನ್ನ ಒಂದ ಉಳದದ ನೋಡವ್ವಾ. ಆ ಪುಸ್ತಕದ ಪಾನು ತಗದು ಕುಂಡ್ರತಾರ, ಮುಚ್ಚಿ ಇಡತಾರ. ಎಂಟು ದಿನಾತು. ನೀನ ಬಂದು ಮುಗಿಸಿ ಹೋಗು."

ಗುರುವಾರ ರಜೆ ಹಾಕಿ ಹೋದೆ. ಮದುವೆಯಾದ ಮೇಲೂ ನಾನಿದ್ದ ಕೋಥರೂಡದಿಂದ ಖಡಕಿಯವರೆಗೆ ರಿಕ್ಷಾದಲ್ಲಿ ಆರು ವರ್ಷದ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿದೆ. ನನ್ನ ಹುದ್ದೆ, ಆ ವರ್ಷ, ಪೆನ್ಸಿಲು, ಯಾವುದನ್ನೂ ಬಿಡುವುದಿಲ್ಲ. ಮಕ್ಕಳ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರವಿರಲಿಲ್ಲ. ಅದಕ್ಕೆ ಅವರು ಏನು ಬೇಕಾದರೂ ಹೇಳಲಿ, ತಲೆ ಬಗ್ಗಿಸಿ ಕೇಳುತ್ತೇನೆ ಎಂದುಕೊಂಡೆ.

ಮನೆಯಲ್ಲಿ ಕರೆಂಟ್ ಇರಲಿಲ್ಲ. ಕಾಕಾ ಕಿಟಕಿಯ ಹತ್ತಿರ ಬನಿಯನ್ನಿನಲ್ಲಿ ಕೂತಿದ್ದರು. ಇಷ್ಟು ಸಣ್ಣವರಾಗಿದ್ದರೇ ಇವರು? ಮೂಲೆಯಲ್ಲಿ ನನ್ನ ಟ್ರಂಕು, ಮೇಲೆ ಒಗೆದು ಹಾಸಿದ ಬಟ್ಟೆ. ತೊಡೆಯ ಮೇಲೆ ಕೆಂಪು ಪುಸ್ತಕ.

"ನಿಂತಲ್ಲಿಂದ ಸುರು ಮಾಡ್ರಿ ಕಾಕಾ. ಪಾಳಿ ನಿಮ್ಮದು" ಎಂದೆ.

ಅವರು ಪುಟ ತೆರೆದರು. ನಾನು ನಿಂತಲ್ಲಿಂದಲೇ ಓದಬಹುದಿತ್ತು. ತಾರೀಖು, ನನ್ನ ಹೆಸರು, ಕೆಳಗೆ 'ನೀ ನನಗ' ಎಂಬ ಎರಡು ಶಬ್ದ. ಆ ಶಬ್ದಗಳ ಮೇಲೆ ಬೆರಳಿಟ್ಟರು. ತುಟಿ ಎರಡು ಸಲ ಅಲುಗಿತು. ಆಮೇಲೆ ಆ ಪುಟವನ್ನು ಹೊಲಿಗೆಯ ಹತ್ತಿರ ಹಿಡಿದು, ಕೂಪನ್ ಹರಿಯುವಷ್ಟೇ ಜೋಪಾನವಾಗಿ, ಮೇಲಿನಿಂದ ಕೆಳಗೆ ಹರಿದರು. ಮಡಚಿ ಕಿಟಕಿಯಲ್ಲಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡು, ಈಗಷ್ಟೇ ಕಂಡವರಂತೆ ನನ್ನ ಕಡೆ ನೋಡಿದರು.

"ಬಂದ್ಯಾ ತಂಗಿ? ದೌಂಡದಾಗ ಚಹಾ ಕುಡದಿ?"

"ಏನ್ರಿ ಇದು, ತಲಿ ಕೆಟ್ಟದೇನು?" ಎಂದು ಒಳಗಿನಿಂದ ಕಾಕಿ ಕೂಗಿದಳು. "ಅಕಿ ಕೋಥರೂಡದಿಂದ ಬಂದಾಳ. ದೌಂಡ ಎಲ್ಲಿಂದ ಬಂತು?"

ನನಗೆ ಗೊತ್ತಿತ್ತು ಎಲ್ಲಿಂದ ಬಂತು ಎಂದು: ಹನ್ನೊಂದು ವರ್ಷದ ಹಿಂದಿನ ಪ್ಲಾಟ್‌ಫಾರ್ಮಿನಿಂದ. ರಿಕ್ಷಾದಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. 'ನೀ ನನಗ' ಎಂಬ ಆ ವಾಕ್ಯದ ಉಳಿದ ಅರ್ಧ ನನಗೆ ಇಂದಿಗೂ ಗೊತ್ತಿಲ್ಲ, ನಾನು ಕೇಳಿಲ್ಲ, ಅವರು ಹೇಳಿಲ್ಲ.

"ಕುಡದೆ ಕಾಕಾ" ಎಂದೆ. "ಈ ಸಲ ನಿದ್ದಿ ಹತ್ತಲಿಲ್ಲ."